ಬೆಟ್ಟ ಹತ್ತಿದ ದೊರೆ: ವಿಯೆಟ್ನಾಂನ ತ್ರಾನ್ ನ್ಯಾನ್ ತೊಂಗ್

 

ಇವತ್ತಿನ ಧಮ್ಮ ಚಿಂತನೆ ಸ್ವಲ್ಪ ಉದ್ದ ಇದೆ. ಬೆಳಗಿನ ಚಹಾ ಜೊತೆ ಅರ್ಧ, ರಾತ್ರಿ ಊಟ ಆದಮೇಲೆ ಅರ್ಧ ಓದಿದರೂ ಆಯಿತು. ಇವತ್ತು ವಿಯೆಟ್ನಾಂ ದೇಶವನ್ನು ಸುತ್ತಿ ಬರೋಣ. ದಾರಿ ತೋರಿಸುವವರು 700 ವರ್ಷದ ಹಿಂದೆ ತೀರಿಹೋದ ಒಬ್ಬ ದೊರೆ. ಹೆಸರು ತ್ರಾನ್ ನ್ಯಾನ್ ತೊಂಗ್. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ, ಆ ದೇಶದಲ್ಲಿ ಶಾಲೆ ಮಕ್ಕಳಿಗೂ ಗೊತ್ತು.

ಹೊರಡುವ ಮೊದಲು ಒಂದು ಮಾತು. ಚನ್ನಗಿರಿ, ಹೊನ್ನಾಳಿ ಕಡೆಯವರಿಗೆ ವಿಯೆಟ್ನಾಂ ಅಷ್ಟೇನೂ ಪರದೇಶ ಅನ್ನಿಸಲಾರದು. ಅಲ್ಲಿ ಭತ್ತ, ಕೆಸರುಗದ್ದೆ, ಎಮ್ಮೆ, ನದಿ ಎಲ್ಲವೂ ಇವೆ. ಎಲೆ ಅಡಿಕೆಯೂ ಇದೆ. ನಾವು ಬೇಯಿಸಿ ಒಣಗಿಸಿ ರಾಶಿ ಮಾಡುವ ಅಡಿಕೆಯನ್ನು ಅವರು ಹಸಿಯಾಗಿಯೇ ಸೀಳಿ ತಿನ್ನುತ್ತಾರೆ. ಮದುವೆ ಮಾತುಕತೆಗೆ ಹೋದರೆ ಮೊದಲು ಮುಂದಿಡುವುದು ಅದೇ ವೀಳ್ಯ. ಅದಕ್ಕೊಂದು ಹಳೆಯ ಕಥೆಯೂ ಉಂಟು. ಒಂದೇ ಅಚ್ಚಿನಂತಿದ್ದ ಇಬ್ಬರು ಅಣ್ಣತಮ್ಮಂದಿರು. ಅಣ್ಣನಿಗೆ ಮದುವೆಯಾದ ಮೇಲೆ ತಮ್ಮ ಒಂಟಿಯಾದ, ಮನೆ ಬಿಟ್ಟು ಹೋದ, ನದಿ ದಂಡೆಯಲ್ಲಿ ಸತ್ತು ಸುಣ್ಣದ ಕಲ್ಲಾದ. ಹುಡುಕುತ್ತ ಬಂದ ಅಣ್ಣ ಆ ಕಲ್ಲಿನ ಪಕ್ಕ ಅಡಿಕೆ ಮರವಾದ. ಅವನನ್ನು ಹುಡುಕಿಕೊಂಡು ಬಂದ ಹೆಂಡತಿ ಆ ಮರಕ್ಕೆ ಹಬ್ಬಿದ ವೀಳ್ಯದೆಲೆ ಬಳ್ಳಿಯಾದಳು. ಮೂರೂ ಸೇರಿದಾಗ ಬಾಯಿ ಕೆಂಪಾಗುವುದು ಅದಕ್ಕೇ ಎನ್ನುತ್ತಾರೆ.

ಇನ್ನು ಜಗಳೂರಿನವರಿಗೆ. ಮಳೆಗಾಗಿ ಮುಗಿಲು ನೋಡುವ ಕಷ್ಟ ನಿಮಗೆ ಹೊಸದಲ್ಲ. ವಿಯೆಟ್ನಾಂನ ಅತಿ ಹಳೆಯ ಬೌದ್ಧ ಕೇಂದ್ರ ಲುಯ್ ಲಾವ್ ಎಂಬ ಊರು. ಅಲ್ಲಿ ಮೋಡ, ಮಳೆ, ಗುಡುಗು, ಮಿಂಚು ಈ ನಾಲ್ಕಕ್ಕೂ ಒಬ್ಬೊಬ್ಬ ತಾಯಿ, ನಾಲ್ವರೂ ಬೌದ್ಧ ದೇಗುಲಗಳಲ್ಲಿಯೇ ನೆಲೆಸಿದ್ದಾರೆ. ಬರ ಬಂದಾಗ ಹಿಂದಿನ ಅರಸರು ಮೋಡದ ತಾಯಿಯ ವಿಗ್ರಹವನ್ನು ರಾಜಧಾನಿಗೆ ತರಿಸಿ ಮಳೆಗಾಗಿ ಬೇಡಿಕೊಳ್ಳುತ್ತಿದ್ದರು. ಅದೇ ಮೋಡದ ತಾಯಿಯ ದೇಗುಲಕ್ಕೆ ಕ್ರಿ.ಶ. 580ರಲ್ಲಿ ವಿನೀತರುಚಿ ಎಂಬ ಭಿಕ್ಖು ಬಂದು ನೆಲೆಸಿ, ಅಲ್ಲಿ ಧ್ಯಾನ ಪರಂಪರೆಯೊಂದನ್ನು ಶುರುಮಾಡಿದರು. ಅವರು ದಕ್ಷಿಣ ಭಾರತದವರು ಎಂದು ವಿಯೆಟ್ನಾಂನ ಸಂಪ್ರದಾಯ ಹೇಳುತ್ತದೆ. ನಮ್ಮ ಕಡೆಯ ದಾರಿ ಅಷ್ಟು ದೂರ ಹೋಗಿತ್ತು.

ಈಗ ದೊರೆಯ ವಿಷಯಕ್ಕೆ ಬರೋಣ.

ಆಗ ದೇಶದ ಹೆಸರು ದಾಯ್ ವಿಯೆತ್. ರಾಜಧಾನಿ ಥಾಂಗ್ ಲಾಂಗ್, ಇಂದಿನ ಹನೋಯ್. ಆಳುತ್ತಿದ್ದವರು ತ್ರಾನ್ ವಂಶದವರು. ಮೂಲದಲ್ಲಿ ನದಿ, ಕಡಲ ದಂಡೆಯ ಬೆಸ್ತರ ಕುಲ. ಆ ಮೂಲ ಮರೆಯಬಾರದೆಂದು ಅರಸರು ತೊಡೆಯ ಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಕೆಂಪು ನದಿಗೆ ಉದ್ದಕ್ಕೂ ಏರಿ ಕಟ್ಟಿಸಿ ಭತ್ತದ ನಾಡನ್ನು ಕಾಪಾಡಿದವರೂ ಇವರೇ. ಸೂಳೆಕೆರೆಯ ಏರಿ ಮೇಲೆ ನಿಂತು ಕೆಳಗಿನ ಗದ್ದೆ ನೋಡಿದವರಿಗೆ ಒಂದು ಏರಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಈ ಮನೆತನದಲ್ಲಿ ಒಂದು ಗಾಯವಿತ್ತು. ವಂಶದ ಮೊದಲ ಅರಸ ಥಾಯ್ ತೊಂಗ್‌ಗೆ ಮಕ್ಕಳಾಗಲಿಲ್ಲ. ವಂಶ ಉಳಿಯಲಿ ಎಂದು ಮನೆಯ ಹಿರಿಯನೊಬ್ಬ ಅರಸನ ಸ್ವಂತ ಅಣ್ಣನ ಹೆಂಡತಿಯನ್ನೇ, ಆಕೆ ಗರ್ಭಿಣಿಯಾಗಿದ್ದಾಗ, ಕಿತ್ತು ತಂದು ಅರಸನಿಗೆ ರಾಣಿ ಮಾಡಿದ. ಅಣ್ಣ ದಂಗೆಯೆದ್ದ. ಅರಸ ನಾಚಿಕೆಯಿಂದ ರಾತ್ರೋರಾತ್ರಿ ಅರಮನೆ ಬಿಟ್ಟು ಯೆನ್ ತೂ ಬೆಟ್ಟಕ್ಕೆ ಓಡಿಹೋಗಿ ಭಿಕ್ಖುವಾಗಲು ಹೊರಟ. ಮಂತ್ರಿಗಳು ಹೋಗಿ ಕರೆತಂದರು. ಆತ ವಾಪಸ್ ಬಂದು ರಾಜ್ಯವಾಳುತ್ತಲೇ ಧ್ಯಾನ ಮಾಡಿದ, ಧಮ್ಮದ ಬಗ್ಗೆ ಬರೆದ. ಅಣ್ಣನಿಗೆ ಮಾತ್ರ ಆ ಉರಿ ಸಾಯುವವರೆಗೂ ಆರಲಿಲ್ಲ. ಸಾಯುವಾಗ ಮಗನಿಗೆ ಸೇಡು ತೀರಿಸು ಎಂದು ಹೇಳಿ ಹೋದ.

ನಮ್ಮ ನ್ಯಾನ್ ತೊಂಗ್ ಹುಟ್ಟಿದ್ದು 1258ರಲ್ಲಿ, ಈ ಎರಡೂ ಕಡೆಯ ರಕ್ತ ಸೇರಿ. ತಂದೆಯ ಕಡೆಯಿಂದ ಥಾಯ್ ತೊಂಗ್‌ನ ಮೊಮ್ಮಗ. ತಾಯಿ ಆ ದುಃಖಿ ಅಣ್ಣನ ಮಗಳು. ಅದೇ ವರ್ಷದ ಆರಂಭದಲ್ಲಿ ಮಂಗೋಲರು ಮೊದಲ ಸಲ ದಂಡೆತ್ತಿ ಬಂದು ರಾಜಧಾನಿ ಹಾಳುಮಾಡಿ, ಸೋತು ಹೋಗಿದ್ದರು. ಮಗು ಚಿನ್ನದ ಬಣ್ಣವಿತ್ತಂತೆ, ಅದಕ್ಕೆ ಬಂಗಾರದ ಬುದ್ಧ ಎಂದೇ ಕರೆದರಂತೆ.

16ನೇ ವಯಸ್ಸಿಗೆ ಯುವರಾಜ ಪಟ್ಟ ಎಂದಾಗ, ತಮ್ಮನಿಗೆ ಕೊಡಿ ಎಂದು ಹಟ ಮಾಡಿದ. ತಂದೆ ಕೇಳಲಿಲ್ಲ. ಒಂದು ರಾತ್ರಿ ಗೋಡೆ ಹಾರಿ ಯೆನ್ ತೂ ಕಡೆ ಹೊರಟೇಬಿಟ್ಟ. ನಡೆದು ನಡೆದು ಸುಸ್ತಾಗಿ ದಾರಿಯ ಗುಡಿಯೊಂದರಲ್ಲಿ ಮಲಗಿದ. ಅಲ್ಲಿನ ಭಿಕ್ಖು ಈ ಹುಡುಗ ಸಾಮಾನ್ಯನಲ್ಲ ಎಂದು ಗುರುತಿಸಿ ಊಟ ಕೊಟ್ಟು ಉಪಚರಿಸಿದರು. ಅರಮನೆಯವರು ಹುಡುಕಿಕೊಂಡು ಬಂದರು, ಮನಸ್ಸಿಲ್ಲದ ಮನಸ್ಸಿನಿಂದ ವಾಪಸಾದ. ಸಿದ್ಧಾರ್ಥ ಗೌತಮರ ಮಹಾಭಿನಿಷ್ಕ್ರಮಣ ನಮಗೆಲ್ಲ ಗೊತ್ತು. ಹೊರಟು, ಸಿಕ್ಕಿಬಿದ್ದು, ಮರಳಿ ಬಂದು, ಇಪ್ಪತ್ತು ವರ್ಷ ಕೆಲಸ ಮಾಡಿ ಆಮೇಲೆ ಹೊರಟವರ ಕಥೆ ಅಪರೂಪ. ನನಗೆ ಈ ದೊರೆ ಹಿಡಿಸುವುದು ಅದಕ್ಕೇ.

ಇವನಿಗೆ ಧಮ್ಮ ಕಲಿಸಿದ ಗುರು ಭಿಕ್ಖು ಅಲ್ಲ, ಉಪಾಸಕ. ತಾಯಿಯ ಅಣ್ಣ, ಅಂದರೆ ಸೋದರಮಾವ, ತ್ವೆ ತ್ರುಂಗ್. ಸಂಸಾರಿ, ಯುದ್ಧವನ್ನೂ ಮಾಡಿದವರು. ಒಮ್ಮೆ ಅರಮನೆಯ ಊಟದಲ್ಲಿ ಇವರು ಮಾಂಸಕ್ಕೂ ಕೈ ಹಾಕಿದ್ದನ್ನು ನೋಡಿ ತಂಗಿ ರಾಣಿ ಆಕ್ಷೇಪಿಸಿದಳು. ಧ್ಯಾನಿಯಾದವನು ಮಾಂಸ ತಿಂದರೆ ಬುದ್ಧನಾಗುವುದು ಹೇಗೆ ಎಂಬುದು ಅವಳ ಪ್ರಶ್ನೆ. ಬುದ್ಧ ಬುದ್ಧನೇ, ನಿನ್ನಣ್ಣ ನಿನ್ನಣ್ಣನೇ, ಒಬ್ಬರು ಇನ್ನೊಬ್ಬರಾಗುವ ಅಗತ್ಯವಿಲ್ಲ ಎಂಬರ್ಥದಲ್ಲಿ ನಗುತ್ತ ಉತ್ತರಿಸಿದರಂತೆ. ಇದನ್ನು ಓದಿ ಯಾರೂ ಭಾನುವಾರದ ಬಾಡೂಟಕ್ಕೆ ಪ್ರಮಾಣಪತ್ರ ಮಾಡಿಕೊಳ್ಳಬೇಡಿ! ಧಮ್ಮದ ತಿರುಳೇನು ಎಂದು ನ್ಯಾನ್ ತೊಂಗ್ ಅವರನ್ನು ಕೇಳಿದಾಗ ಸಿಕ್ಕ ಉತ್ತರ ಹೆಚ್ಚು ಗಟ್ಟಿಯಾದದ್ದು: ತನ್ನನ್ನು ತಾನೇ ತಿರುಗಿ ನೋಡಿಕೊಳ್ಳಬೇಕು, ಅದು ಬೇರೆಯವರಿಂದ ಸಿಗುವಂಥದ್ದಲ್ಲ. ದೊರೆ ಆ ದಾರಿ ಹಿಡಿದ.

1278ರಲ್ಲಿ, ಇನ್ನೂ 20 ತುಂಬುವ ಮೊದಲೇ ಪಟ್ಟ. ತಂದೆ ಥಾನ್ ತೊಂಗ್ ಹಿರಿಯ ಅರಸನಾಗಿ ಹಿಂದೆ ನಿಂತರು. ತ್ರಾನ್ ವಂಶದ ಪದ್ಧತಿಯೇ ಹಾಗೆ. ಮಗ ಆಳಬೇಕು, ಅಪ್ಪ ಬದುಕಿದ್ದು ತಿದ್ದಬೇಕು.

ಉತ್ತರದಲ್ಲಿ ಕುಬ್ಲಾಯ್ ಖಾನ್ ಆಗಲೇ ಇಡೀ ಚೀನಾ ನುಂಗುತ್ತಿದ್ದ. ಅವನ ದಂಡು ಬರುವುದು ಖಚಿತವಾದಾಗ ಹಿರಿಯ ಅರಸರು ನಾಡಿನ ಮೂಲೆಮೂಲೆಯಿಂದ ವೃದ್ಧರನ್ನು ದಿಯೆನ್ ಹೊಂಗ್ ಅರಮನೆಗೆ ಕರೆಸಿ, ಊಟ ಹಾಕಿ, ಕೇಳಿದರು: ಶರಣಾಗೋಣವೋ, ಹೋರಾಡೋಣವೋ? ಎಲ್ಲ ಮುದುಕರೂ ಒಂದೇ ದನಿಯಲ್ಲಿ ಹೋರಾಟ ಎಂದರು. ಇದು 1285ರ ಆರಂಭದ ಮಾತು. ಹಳ್ಳಿಯ ಮುದುಕರನ್ನು ಕೇಳಿ ಯುದ್ಧ ನಿರ್ಧಾರ ಮಾಡಿದ ರಾಜರು ಎಷ್ಟು ಜನ ಸಿಗುತ್ತಾರೆ ಹೇಳಿ.

ಆ ವರ್ಷ ಕುಬ್ಲಾಯ್‌ನ ಮಗ ತೊಗಾನ್ ಉತ್ತರದಿಂದ ಬಂದ, ಸೊಗೆತು ಎಂಬ ಸೇನಾಪತಿ ದಕ್ಷಿಣದಿಂದ. ರಾಜಧಾನಿಯನ್ನು ಖಾಲಿ ಮಾಡಿ, ಧಾನ್ಯ ಬಚ್ಚಿಟ್ಟು ಅರಸರು ಹಿಂದೆ ಸರಿದರು. ಶತ್ರುವಿಗೆ ಊರು ಸಿಕ್ಕಿತು, ಊಟ ಸಿಗಲಿಲ್ಲ. ದೊರೆಗೂ ಊಟವಿಲ್ಲದ ದಿನಗಳು. ಒಂದು ದಿನ ಸಣ್ಣ ದೋಣಿಯಲ್ಲಿ ಹೋಗುವಾಗ ಸಂಜೆಯಾದರೂ ಬೆಳಗಿನ ಊಟ ಆಗಿರಲಿಲ್ಲ. ಒಬ್ಬ ಸಾಮಾನ್ಯ ಸೈನಿಕ ತನ್ನ ಒರಟು ಅಕ್ಕಿಯ ಅನ್ನ ಕೊಟ್ಟ. ದೊರೆ ಉಂಡ, ಅದನ್ನು ಮರೆಯಲಿಲ್ಲ, ಆಮೇಲೆ ಅವನಿಗೆ ಪದವಿ ಕೊಟ್ಟ.

ದಂಡನಾಯಕ ಯಾರೆಂದರೆ ತ್ರಾನ್ ಹುಂಗ್ ದಾವ್. ಸೇಡು ತೀರಿಸು ಎಂದು ಅಪ್ಪ ಹೇಳಿ ಹೋಗಿದ್ದನಲ್ಲ, ಅದೇ ಮಗ. ತ್ವೆ ತ್ರುಂಗ್‌ರ ತಮ್ಮ. ಇಡೀ ಸೇನೆ ಅವನ ಕೈಯಲ್ಲಿ, ಇಬ್ಬರು ಅರಸರು ಅವನ ಕಾವಲಿನಲ್ಲಿ. ಕಬ್ಬಿಣದ ಮೊನೆಯ ಕೋಲು ಹಿಡಿದು ಅರಸರ ಪಕ್ಕ ನಡೆಯುವಾಗ ಜನ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆತ ಆ ಮೊನೆಯನ್ನು ಕಿತ್ತೆಸೆದು ಬರಿಯ ಕೋಲು ಹಿಡಿದು ನಡೆದ. ಪಾಲಿನ ಜಗಳಕ್ಕೆ ಅಣ್ಣತಮ್ಮಂದಿರು ಎರಡು ತಲೆಮಾರು ಕೋರ್ಟು ಸುತ್ತುವ ನಮ್ಮೂರುಗಳಲ್ಲಿ ಈ ಕೋಲಿನ ಕಥೆಯನ್ನು ಹೇಳಬೇಕು.

ಮಳೆ, ಸೆಖೆ, ರೋಗ, ಹಸಿವು ಮಂಗೋಲರನ್ನು ಹಣ್ಣು ಮಾಡಿದವು. ಬೇಸಿಗೆ ಮುಗಿಯುವುದರೊಳಗೆ ಅವರನ್ನು ಓಡಿಸಲಾಯಿತು. ಸೊಗೆತು ಸತ್ತ. ಅವನ ತಲೆಯನ್ನು ತಂದು ಮುಂದಿಟ್ಟಾಗ ದೊರೆ ತನ್ನ ಮೈಮೇಲಿನ ನಿಲುವಂಗಿ ತೆಗೆದು ಅದಕ್ಕೆ ಹೊದಿಸಿದ. ತನ್ನ ಒಡೆಯನಿಗಾಗಿ ಪ್ರಾಣ ಕೊಟ್ಟವನು ಎಂಬ ಗೌರವ. 1287ರ ಕೊನೆಗೆ ಮಂಗೋಲರು ಮತ್ತೆ ಬಂದರು. ಅವರ ಅಕ್ಕಿಯ ಹಡಗುಗಳನ್ನು ಕಡಲಲ್ಲೇ ಮುಳುಗಿಸಲಾಯಿತು. 1288ರ ಏಪ್ರಿಲ್‌ನಲ್ಲಿ ಬಾಕ್ ಡಾಂಗ್ ನದಿಯ ತಳಕ್ಕೆ ಚೂಪಾದ ಮರದ ಗೂಟಗಳನ್ನು ನೆಟ್ಟು, ಭರತದಲ್ಲಿ ಶತ್ರು ಹಡಗುಗಳನ್ನು ಒಳಗೆ ಎಳೆದು, ಇಳಿತ ಶುರುವಾದಾಗ ತಿರುಗಿ ಬಿದ್ದರು. ಹಡಗುಗಳು ಗೂಟಕ್ಕೆ ಸಿಕ್ಕಿ ಸೀಳಿಹೋದವು. ನೌಕಾ ಸೇನಾಪತಿ ಒಮರ್ ಸೆರೆಯಾದ.

ಪಂಚಶೀಲದ ಮೊದಲ ಶೀಲ ಹಿಡಿದವನು ಇಷ್ಟೆಲ್ಲ ಕೊಂದನಲ್ಲ ಎಂದು ಗುಂಪಿನಲ್ಲಿ ಯಾರಾದರೂ ಕೇಳುತ್ತೀರಿ. ಕೇಳಬೇಕು ಕೂಡ. ಜಗಳೂರಿನಿಂದ ಮೊಳಕಾಲ್ಮೂರಿನ ಕಡೆ ಹೋದರೆ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಅಶೋಕ ದಂಡೆತ್ತಿ ಹೋಗಿ ಗೆದ್ದು ಪಶ್ಚಾತ್ತಾಪಪಟ್ಟವನು. ಇವನು ಮನೆಗೆ ನುಗ್ಗಿದವರನ್ನು ಹೊರಗೆ ಹಾಕಿದವನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ಯುದ್ಧದ ನಡುವೆಯೇ, ಶತ್ರುವನ್ನು ತಡೆದು ಸಮಯ ಗಳಿಸಲು ಆನ್ ತು ಎಂಬ ರಾಜಕುಮಾರಿಯನ್ನು, ದೊರೆಯ ಚಿಕ್ಕ ಸೋದರತ್ತೆ ಆಕೆ, ತೊಗಾನ್‌ನ ಬಿಡಾರಕ್ಕೆ ಕಳಿಸಿದರು. ಗೆದ್ದ ಮೇಲೆ ಬಹುಮಾನ ಪಡೆದವರ ಪಟ್ಟಿ ಉದ್ದ ಇದೆ. ಆ ಹೆಣ್ಣುಮಗಳು ಏನಾದಳು ಎಂದು ಇತಿಹಾಸ ಒಂದು ಸಾಲೂ ಬರೆಯಲಿಲ್ಲ.

ಗೆದ್ದ ಮೇಲೆ ನಡೆದ ಎರಡು ಸಂಗತಿಗಳನ್ನು ನೆನಪಿಡಿ. ಶತ್ರುಗಳಿಂದ ಸಿಕ್ಕ ಸಾಮಾನಿನಲ್ಲಿ ಒಂದು ಪೆಟ್ಟಿಗೆ ಇತ್ತು. ಅದರ ತುಂಬ ಇವರದೇ ಕುಲೀನರು, ಅಧಿಕಾರಿಗಳು ಮಂಗೋಲರಿಗೆ ಶರಣು ಎಂದು ಗುಟ್ಟಾಗಿ ಬರೆದ ಪತ್ರಗಳು. ಹಿರಿಯ ಅರಸರು ಪೆಟ್ಟಿಗೆಯನ್ನು ಹಾಗೆಯೇ ಸುಡಿಸಿದರು. ರಾತ್ರಿ ನಿದ್ದೆ ಕೆಟ್ಟವರು ಎಷ್ಟೋ ಜನ ಅಂದು ಮಲಗಿರಬೇಕು.

ಎರಡನೆಯದು ದೊರೆಯದೇ. ದಾರಿಯಲ್ಲಿ ದೊಡ್ಡವರ ಮನೆಯ ಆಳುಗಳು ಎದುರಾದರೆ ಹೆಸರು ಹಿಡಿದು ಕರೆದು ಮಾತಾಡಿಸುತ್ತಿದ್ದ. ಅವರನ್ನು ಗದರಿಸಿ ಓಡಿಸಬೇಡಿ ಎಂದು ಕಾವಲಿನವರಿಗೆ ಅಪ್ಪಣೆ. ಕಾರಣವನ್ನೂ ಹೇಳಿದ್ದ: ನೆಮ್ಮದಿಯ ಕಾಲದಲ್ಲಿ ಸುತ್ತ ಸಾಮಂತರು ಇರುತ್ತಾರೆ, ಕಷ್ಟ ಬಂದಾಗ ಉಳಿಯುವವರು ಈ ಆಳುಗಳೇ. ಆ ಒರಟು ಅನ್ನ ಅವನಿಗೆ ಜೀರ್ಣವಾಗಿತ್ತು ಎನ್ನಿ.

ಯುದ್ಧದ ಬೆನ್ನಿಗೇ ಬರ. 1290ರ ಹೊತ್ತಿಗೆ ಹೊಲ ಮಾರಿ, ಕೊನೆಗೆ ಮಕ್ಕಳನ್ನೇ ಜೀತಕ್ಕೆ ಮಾರುವ ಸ್ಥಿತಿ. ಸರ್ಕಾರದ ಕಣಜ ತೆರೆಸಿದ, ತಲೆಗಂದಾಯ ಬಿಟ್ಟ. ಆಮೇಲೆ 1292ರಲ್ಲಿ, ಹೀಗೆ ಜೀತಕ್ಕೆ ಕೊಂಡವರು ಹಣ ವಾಪಸ್ ಕೊಟ್ಟರೆ ಅವರನ್ನು ಬಿಡಲೇಬೇಕು ಎಂದು ಆಜ್ಞೆ ಹೊರಡಿಸಿದ. ಜೀತ ಪದ್ಧತಿಯನ್ನೇ ತೆಗೆಯಲಿಲ್ಲ, ಅದನ್ನೂ ಹೇಳಿಬಿಡಬೇಕು. ಬಾಗಿಲು ಅರ್ಧ ತೆರೆಯಿತು.

1293ರಲ್ಲಿ ಮಗ ಆನ್ ತೊಂಗ್‌ಗೆ ಪಟ್ಟ ಕಟ್ಟಿ ಇಳಿದ. ಆಗ ವಯಸ್ಸು 35ರ ಆಸುಪಾಸು. ಕೆಲವು ವರ್ಷಗಳಲ್ಲಿ ಪಬ್ಬಜ್ಜೆ. 1299ರಲ್ಲಿ, ಹುಡುಗನಾಗಿದ್ದಾಗ ಗೋಡೆ ಹಾರಿ ಹೊರಟಿದ್ದ ಅದೇ ಯೆನ್ ತೂ ಬೆಟ್ಟಕ್ಕೆ ಹೋಗಿ ಧುತಾಂಗ ವ್ರತ ಹಿಡಿದರು. ಇನ್ನು ಮುಂದೆ ಅವರು ಎಂದೇ ಬರೆಯುತ್ತೇನೆ.

ಬೆಟ್ಟಕ್ಕೆ ಹೋಗುವ ಮೊದಲು ಅದೇ ವರ್ಷ ಮಗನಿಗೆ ಒಂದು ಪಾಠವಾಯಿತು. ಯಾರಿಗೂ ಹೇಳದೆ ರಾಜಧಾನಿಗೆ ಬಂದು ಅರಮನೆಯಲ್ಲಿ ಸುತ್ತಾಡಿದರು. ಊಟಕ್ಕೆ ಕೂತು ಅರಸ ಎಲ್ಲಿ ಎಂದು ಕೇಳಿದರೆ, ಬಜೆ ಹಾಕಿದ ಹೆಂಡ ಕುಡಿದು ಮಲಗಿದ್ದಾನೆ, ಎಬ್ಬಿಸಿದರೂ ಏಳುತ್ತಿಲ್ಲ. ಸುಮ್ಮನೆ ಎದ್ದು ತಮ್ಮ ಊರಿಗೆ ವಾಪಸ್ ಹೊರಟರು, ಅಧಿಕಾರಿಗಳೆಲ್ಲ ಅಲ್ಲಿಗೆ ಬರಬೇಕು ಎಂದು ಹೇಳಿ. ಮಧ್ಯಾಹ್ನ ಎಚ್ಚರವಾದ ಮಗನಿಗೆ ನಶೆ ಒಮ್ಮೆಗೇ ಇಳಿಯಿತು. ಓಡುವಾಗ ಗುಡಿಯ ಬಳಿ ಸಿಕ್ಕ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಕ್ಷಮೆಯ ಪತ್ರ ಬರೆಸಿ, ಅವನನ್ನೂ ದೋಣಿ ಹತ್ತಿಸಿಕೊಂಡು ರಾತ್ರಿಯಿಡೀ ಪ್ರಯಾಣ. ಪತ್ರ ಹಿಡಿದ ವಿದ್ಯಾರ್ಥಿ ಅಂಗಳದಲ್ಲಿ ಮಂಡಿಯೂರಿದ. ಸಂಜೆ ಗಾಳಿ ಮಳೆ ಬಂದರೂ ಏಳಲಿಲ್ಲ. ಕೊನೆಗೆ ಪತ್ರ ತೆಗೆದುಕೊಂಡು ಓದಿದರು. ಮಗನನ್ನು ಕರೆದು, ನನಗೆ ಇನ್ನೊಬ್ಬ ಮಗನೂ ಇದ್ದಾನೆ, ನಾನಿರುವಾಗಲೇ ಹೀಗಾದರೆ ಮುಂದೆ ಹೇಗೆ ಎಂಬ ಧಾಟಿಯಲ್ಲಿ ಕೇಳಿ ಕ್ಷಮಿಸಿದರು. ಆನ್ ತೊಂಗ್ ಹೆಂಡ ಬಿಟ್ಟ. ಹಚ್ಚೆಯ ವಿಷಯದಲ್ಲಿ ಮಾತ್ರ ಮಗನೇ ಗೆದ್ದ. ಅಪ್ಪ ಬೇರೆ ಕಡೆ ತಿರುಗಿದ ಹೊತ್ತು ನೋಡಿ ತಪ್ಪಿಸಿಕೊಂಡುಬಿಟ್ಟ, ಆ ಪದ್ಧತಿ ಅಲ್ಲಿಗೆ ನಿಂತಿತು.

ಯೆನ್ ತೂವಿನಲ್ಲಿ ಅವರು ಕಟ್ಟಿದ ಸಂಘದ ಹೆಸರು ತ್ರುಕ್ ಲಾಮ್. ಅರ್ಥ ಬಿದಿರ ವನ. ಬಿಂಬಿಸಾರ ಭಗವಾನರಿಗೆ ದಾನ ಕೊಟ್ಟ ವೇಳುವನವೇ ಇದರ ಹಿಂದಿನ ನೆನಪು. ಅದುವರೆಗೆ ಅಲ್ಲಿದ್ದ ಮೂರು ಧ್ಯಾನ ಪರಂಪರೆಗಳ ನೀರೆಲ್ಲ ಈ ಒಂದು ಕೆರೆಗೆ ಬಂದು ಸೇರಿತು. ವಿನೀತರುಚಿಯದೂ ಅದರಲ್ಲಿ ಒಂದು. ದೊರೆ ಬೆಟ್ಟದಲ್ಲೇ ಕೂರಲಿಲ್ಲ. 1304ರಲ್ಲಿ ಹಳ್ಳಿ ಹಳ್ಳಿ ನಡೆದು, ಹೆದರಿಸಿ ಬಲಿ ಕೇಳುವ ಗುಡಿಗಳನ್ನು ಬಿಡಿಸಿ, ದಸ ಕುಸಲ ಕಮ್ಮಗಳನ್ನು ಜನರಿಗೆ ಬೋಧಿಸಿದರು. ಪಂಡಿತರ ಭಾಷೆ ಚೀನೀ ಆಗಿದ್ದ ಕಾಲದಲ್ಲಿ ಮನೆಮಾತಿನ ನೋಮ್ ಲಿಪಿಯಲ್ಲಿ ಬರೆದರು. ಲೋಕದ ಧೂಳಿನಲ್ಲಿ ಇದ್ದುಕೊಂಡೇ ಧಮ್ಮದಲ್ಲಿ ಸುಖವಾಗಿರುವ ಬಗ್ಗೆ ಅವರ ದೀರ್ಘ ಕೃತಿ, ಆ ಭಾಷೆಯಲ್ಲಿ ಉಳಿದಿರುವ ಅತಿ ಹಳೆಯ ಬರಹಗಳಲ್ಲಿ ಒಂದು. ವಚನಕಾರರ ನಾಡಿನವರಿಗೆ ಇದರ ತೂಕ ಬೇಗ ತಿಳಿಯುತ್ತದೆ.

ಈಗ ನನಗೆ ಕಷ್ಟವಾಗುವ ಅಧ್ಯಾಯ. ದಕ್ಷಿಣದಲ್ಲಿ ಚಂಪಾ ಎಂಬ ರಾಜ್ಯ. ಶಿವನ ಭಕ್ತರ ನಾಡು, ಮಿ ಸನ್‌ನಲ್ಲಿ ಭದ್ರೇಶ್ವರ ಲಿಂಗ, ಸಂಸ್ಕೃತ ಶಾಸನಗಳು, ಅರಸರ ಹೆಸರು ಸಿಂಹವರ್ಮ, ಇಂದ್ರವರ್ಮ. 1301ರಲ್ಲಿ ಚೀವರ ಉಟ್ಟು ಅಲ್ಲಿಗೆ ಹೋದ ನಮ್ಮ ಭಿಕ್ಖು ಸುಮಾರು ಒಂಬತ್ತು ತಿಂಗಳು ಅತಿಥಿಯಾಗಿದ್ದರು. ಎರಡು ನಾಡುಗಳ ಹಳೆಯ ಹಗೆ ಮುಗಿಯಲಿ ಎಂದು ಮಗಳು ಹ್ವೆನ್ ತ್ರಾನ್‌ಳನ್ನು ಅಲ್ಲಿನ ಅರಸ ಜಯ ಸಿಂಹವರ್ಮನಿಗೆ ಕೊಡುವ ಮಾತು ಕೊಟ್ಟರು. ಆಸ್ಥಾನದಲ್ಲಿ ಬಹಳ ಜನ ಒಪ್ಪಲಿಲ್ಲ. ಆದರೂ 1306ರಲ್ಲಿ ಮದುವೆಯಾಯಿತು. ಪ್ರತಿಯಾಗಿ ಚಂಪಾದ ಎರಡು ಪ್ರಾಂತ್ಯಗಳು ಬಂದವು, ಇಂದಿನ ಹ್ವೆ ನಗರದ ಸುತ್ತಲಿನ ನೆಲ. ಒಂದು ವರ್ಷದೊಳಗೆ ಆ ಅರಸ ಸತ್ತ. ಅಲ್ಲಿ ರಾಣಿಯರು ಚಿತೆ ಏರುವ ಪದ್ಧತಿ. ಮಾಸ್ತಿಕಲ್ಲು ನಮ್ಮ ಊರುಗಳ ಹೊರಗೂ ನಿಂತಿವೆ, ಬಳೆ ತೊಟ್ಟ ಆ ಕೈ ಏನು ಹೇಳುತ್ತದೆ ಎಂದು ನಮಗೆ ಗೊತ್ತು. ದಾಯ್ ವಿಯೆತ್‌ನಿಂದ ಹೋದ ದೂತರು ಉಪಾಯದಿಂದ ಅವಳನ್ನು ಕಡಲ ದಾರಿಯಲ್ಲಿ ಕರೆತಂದರು. 1308ರಲ್ಲಿ ಊರು ಮುಟ್ಟಿದಳು. ಆಮೇಲೆ ಭಿಕ್ಖುಣಿಯಾದಳು ಎಂದು ಜನ ಹೇಳುತ್ತಾರೆ, ಅವಳಿಗೆ ಗುಡಿಗಳೂ ಇವೆ. ಶಾಂತಿಗಾಗಿ ಎಂದರೂ, ಭಿಕ್ಖುವೇ ಆದರೂ, ಮಗಳನ್ನು ಹೀಗೆ ಕೊಟ್ಟದ್ದು ಸರಿ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಆ ಶಾಂತಿಯೂ ಬಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ಎರಡು ಪ್ರಾಂತ್ಯಗಳಿಗಾಗಿ ಮತ್ತೆ ಯುದ್ಧ.

ಯೆನ್ ತೂವಿನ ಬುಡದಲ್ಲಿ ಒಂದು ತೊರೆ ಇದೆ. ದೊರೆ ಬೆಟ್ಟ ಹತ್ತಿದಾಗ ಹಿಂದೆ ಬಂದ ಅಂತಃಪುರದ ಹೆಂಗಸರು ಎಷ್ಟು ಬೇಡಿದರೂ ಅವರು ತಿರುಗಿ ಬರಲಿಲ್ಲವೆಂದು ಆ ತೊರೆಗೆ ಹಾರಿದರು, ಅವರಿಗಾಗಿ ಅಲ್ಲಿ ಗುಡಿ ಕಟ್ಟಿಸಿದರು ಎಂಬ ಐತಿಹ್ಯ. ನಡೆದದ್ದೋ, ಜನ ಕಟ್ಟಿದ್ದೋ. ಇಂದಿಗೂ ಯಾತ್ರಿಕರು ಮೊದಲು ಆ ತೊರೆ ದಾಟಿಯೇ ಮೇಲೆ ಹೋಗುವುದು.

1308ರ ಚಳಿಗಾಲ. ಅಕ್ಕ ಥಿಯೆನ್ ಥ್ವಿ ಹಾಸಿಗೆ ಹಿಡಿದ ಸುದ್ದಿ ಬಂತು. 50 ವರ್ಷದ ತಮ್ಮ ಕೋಲು ಹಿಡಿದು, ಒಬ್ಬ ಸೇವಕನೊಂದಿಗೆ ನಡೆದೇ ಕೆಳಗೆ ಇಳಿದು ಹೋದರು. ಹೊತ್ತು ಬಂದರೆ ಹೊರಡು, ಆಚೆ ಕಡೆಯವರು ಕೇಳಿದರೆ ಸ್ವಲ್ಪ ತಡೆಯಿರಿ, ನನ್ನ ತಮ್ಮನೂ ಬರುತ್ತಿದ್ದಾನೆ ಎಂದು ಹೇಳು ಎಂದು ಅಕ್ಕನಿಗೆ ಸಮಾಧಾನ ಹೇಳಿದರಂತೆ. ಮತ್ತೆ ಬೆಟ್ಟ ಹತ್ತುವಾಗ ಮೈಯಲ್ಲಿ ಶಕ್ತಿ ಇರಲಿಲ್ಲ. ಙೊವಾ ವಾನ್ ಎಂಬ ಚಿಕ್ಕ ಕುಟಿ ಸೇರಿದರು. ಮೋಡದ ಮೇಲೆ ಮಲಗಿದ್ದು ಎಂದು ಆ ಹೆಸರಿನ ಅರ್ಥ. ಚಾಂದ್ರಮಾನದ 11ನೇ ತಿಂಗಳ ಮೊದಲ ರಾತ್ರಿ, ಆಕಾಶ ತಿಳಿಯಾಗಿ ನಕ್ಷತ್ರ ತುಂಬಿದ್ದಾಗ, ಹೊತ್ತು ಎಷ್ಟಾಯಿತು ಎಂದು ಶಿಷ್ಯ ಬಾವ್ ಸಾತ್‌ನನ್ನು ಕೇಳಿ, ಬಲ ಮಗ್ಗುಲಿಗೆ ಸಿಂಹಶಯನದಲ್ಲಿ ಮಲಗಿ ಕಣ್ಣು ಮುಚ್ಚಿದರು. ಅಕ್ಕನೂ ಅಂದೇ ಹೋದಳು ಎನ್ನುತ್ತದೆ ಸಂಘದ ಚರಿತ್ರೆ.

ಆಗ ನಮ್ಮ ಸೀಮೆಯಲ್ಲಿ ಹೊಯ್ಸಳ ಮೂರನೇ ಬಲ್ಲಾಳನ ಕಾಲ. ಮೂರು ವರ್ಷದಲ್ಲಿ ಮಲಿಕ್ ಕಾಫರ್ ದೋರಸಮುದ್ರಕ್ಕೆ ಬರುವವನಿದ್ದ. ನ್ಯಾಮತಿಯಿಂದ ಶಿಕಾರಿಪುರ ದಾಟಿದರೆ ಸಿಗುವ ಬಳ್ಳಿಗಾವಿಯಲ್ಲಿ 11ನೇ ಶತಮಾನದಲ್ಲಿ ಬೌದ್ಧ ವಿಹಾರವಿತ್ತು, ತಾರಾದೇವಿಯ ವಿಗ್ರಹವಿತ್ತು. ನಮ್ಮಲ್ಲಿ ಆ ದೀಪ ನಂದುತ್ತ ಬಂದ ಕಾಲಕ್ಕೆ ಅಲ್ಲಿ ಹೊಸ ಸಂಘವೊಂದು ಹೊತ್ತಿಕೊಂಡಿತು.

ದೊರೆಯ ಧಾತುಗಳ ಒಂದು ಭಾಗ ಯೆನ್ ತೂವಿನ ಸ್ತೂಪದಲ್ಲಿ, ಇನ್ನೊಂದು ಭಾಗ ತ್ರಾನ್ ಅರಸರ ಸಮಾಧಿಗಳಿರುವ ಊರಿನಲ್ಲಿ. ಚಾಂದ್ರಮಾನ ಹೊಸ ವರ್ಷದ 10ನೇ ದಿನ ಬೆಟ್ಟದ ಜಾತ್ರೆ ಶುರುವಾದರೆ ಮೂರನೇ ತಿಂಗಳವರೆಗೂ ಜನ. ತುದಿ 1,068 ಮೀಟರ್, ಅಲ್ಲಿ ಇಡೀ ಕಂಚಿನದೇ ಒಂದು ಪುಟ್ಟ ಗುಡಿ. ಈಗ ಕೇಬಲ್ ಕಾರ್ ಇದೆ, ಆದರೂ ಕೋಲು ಊರಿಕೊಂಡು ಮೆಟ್ಟಿಲು ಹತ್ತುವವರು ಬಹಳ. 2025ರಲ್ಲಿ ಯುನೆಸ್ಕೋ ಈ ಬೆಟ್ಟ ಮತ್ತು ಸುತ್ತಲಿನ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಂಘದ ಹೊಣೆಯನ್ನು ಅವರು ಒಪ್ಪಿಸಿ ಹೋದದ್ದು ಫಾಪ್ ಲೊವಾ ಎಂಬ 24 ವರ್ಷದ ಯುವ ಭಿಕ್ಖುವಿಗೆ. ನಾಳೆ ಅವರ ಬಗ್ಗೆ ಓದೋಣ.